ಮೇ ತಿಂಗಳ ಮಗು ದಡ್ಡ ಅಲ್ಲ, ಚಿಕ್ಕದು

(ಶಾಲಾ ದಾಖಲಾತಿಗೆ ಮುಂಚೆ ಪೋಷಕರು ಮತ್ತು ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮವನ್ನೇ ತಗೊಳ್ಳಿ. ಮೇ 30ರಂದು ಹುಟ್ಟಿದ ಮಗುವಿಗೆ ಅಷ್ಟೊತ್ತಿಗೆ 6 ತುಂಬಿ ಎರಡು ದಿನ ಆಗಿರುತ್ತೆ. ಅದಕ್ಕೆ ಸೀಟು ಸಿಕ್ಕಿತು. ಅದೇ ವರ್ಷ ಜೂನ್ 3ರಂದು ಹುಟ್ಟಿದ ಮಗುವಿಗೆ ಎರಡು ದಿನ ಕಡಿಮೆ ಬಿತ್ತು. ಅದು ಇನ್ನೊಂದು ವರ್ಷ ಕಾಯಬೇಕು. ಮುಂದಿನ ಜೂನ್‌ನಲ್ಲಿ ಅದು ಬಂದು ಕೂರುವಾಗ ಹತ್ತಿರ ಹತ್ತಿರ 7 ವರ್ಷ. ಪಕ್ಕದಲ್ಲಿ ಕೂತಿರೋದು ಆಗಷ್ಟೇ 6 ತುಂಬಿದ ಮಗು. ಒಬ್ಬರಿಗೆ 84 ತಿಂಗಳು, ಇನ್ನೊಬ್ಬರಿಗೆ 72 ತಿಂಗಳು. ಚಿಕ್ಕ ಮಗು ಇಲ್ಲಿಯವರೆಗೆ ಬದುಕಿರುವ ಕಾಲದ ಆರನೇ ಒಂದು ಭಾಗದಷ್ಟು ಕಾಲವನ್ನು ದೊಡ್ಡದು ಹೆಚ್ಚಾಗಿ ಬದುಕಿದೆ. ಅಷ್ಟು ಜಾಸ್ತಿ ಮಾತು ಕೇಳಿದೆ, ಅಷ್ಟು ಜಾಸ್ತಿ ಕತೆ ಕೇಳಿದೆ, ಅಷ್ಟು ಜಾಸ್ತಿ ಓಡಿದೆ, ಬಿದ್ದಿದೆ, ಎದ್ದಿದೆ.

ಆದರೆ ಇಬ್ಬರಿಗೂ ಪುಸ್ತಕ ಒಂದೇ, ಪರೀಕ್ಷೆ ಒಂದೇ. ಪ್ರೋಗ್ರೆಸ್ ಕಾರ್ಡಿನಲ್ಲಿ ಬರೆಯೋದೂ ಒಂದೇ ಅಳತೆಯಲ್ಲಿ. ಇವತ್ತು ನಾನು ಹೇಳಬೇಕು ಅಂತ ಬಂದಿರೋದು ಇದನ್ನೇ. ದಾಖಲಾತಿ ವಯಸ್ಸು ಐದೂವರೆ ಇರಬೇಕೋ ಆರು ಇರಬೇಕೋ ಅಂತ ನಾವು ವರ್ಷಗಟ್ಟಲೆ ಜಗಳ ಆಡಿದ್ದೇವೆ. ಗೆರೆ ಎಲ್ಲಿ ಎಳೆದರೂ ಕೆಲವು ಮಕ್ಕಳು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾಗಿ ಉಳಿದೇ ಉಳಿಯುತ್ತಾರೆ. ಆ ಮಕ್ಕಳನ್ನು ನಾವು ಹೇಗೆ ಅಳೆಯುತ್ತೇವೆ ಅನ್ನೋದೇ ನಿಜವಾದ ಪ್ರಶ್ನೆ.

ಒಂದನೇ ತರಗತಿಯಲ್ಲಿ ಬಹಳ ಕಾಲ ಕಲಿಸಿದವಳು ನಾನು. ಈ ವ್ಯತ್ಯಾಸ ಎಲ್ಲಿ ಮೊದಲು ಕಾಣುತ್ತೆ ಗೊತ್ತಾ? ಬೆರಳುಗಳಲ್ಲಿ. ಊಟದ ಡಬ್ಬಿಯ ಮುಚ್ಚಳ ತೆಗೆಯೋದರಲ್ಲಿ, ಗುಂಡಿ ಹಾಕಿಕೊಳ್ಳೋದರಲ್ಲಿ, ಪೆನ್ಸಿಲ್ ಹಿಡಿಯೋದರಲ್ಲಿ. ಏಳರ ಹತ್ತಿರ ಇರುವ ಮಗು 'ದ' ಬರೆಯುವಾಗ ಮಣಿಕಟ್ಟು ನಿಂತಲ್ಲೇ ನಿಂತಿರುತ್ತೆ, ಬೆರಳಷ್ಟೇ ತಿರುಗುತ್ತೆ. ಆರಕ್ಕೆ ಈಗಷ್ಟೇ ಕಾಲಿಟ್ಟ ಮಗು ಭುಜದಿಂದ ಬರೆಯುತ್ತೆ. ಇಡೀ ತೋಳು ಆಡುತ್ತೆ, ಪೆನ್ಸಿಲ್ ಹಾಳೆಗೆ ಒತ್ತಿ ಒತ್ತಿ ಹಿಂದಿನ ಪುಟದಲ್ಲೂ ಅಚ್ಚು ಬೀಳುತ್ತೆ, ಅಕ್ಷರ ಗೆರೆ ದಾಟಿ ಮೇಲಕ್ಕೆ ಹೋಗುತ್ತೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ನೋವು ಅಂತ ಪೆನ್ಸಿಲ್ ಕೆಳಗಿಡುತ್ತೆ.

ಇದು ಸೋಮಾರಿತನ ಅಲ್ಲ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಮೆದುಮೂಳೆ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ಕೊನೆಯದು ಗಟ್ಟಿಯಾಗುವ ಹೊತ್ತಿಗೆ ಮಗುವಿಗೆ ಒಂಬತ್ತೋ ಹತ್ತೋ ಹನ್ನೆರಡೋ ಆಗಿರುತ್ತೆ. ಕ್ರಿಕೆಟ್ ಮಂಡಳಿಗೆ ಇದು ಚೆನ್ನಾಗಿ ಗೊತ್ತು. 16 ವರ್ಷದೊಳಗಿನವರ ತಂಡಕ್ಕೆ ಹುಡುಗರನ್ನು ಆರಿಸುವಾಗ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ. ವಯಸ್ಸಿನಲ್ಲಿ ದೊಡ್ಡವನು ಚಿಕ್ಕವರ ಜೊತೆ ಆಡಿದರೆ ಅನ್ಯಾಯ ಅಂತ. ಆಟದಲ್ಲಿ ಅನ್ಯಾಯ ಅಂತ ಒಪ್ಪಿಕೊಂಡಿದ್ದನ್ನು ಕಾಪಿ ಬರಹದ ಅಂಕದಲ್ಲಿ ನಾವು ಯಾಕೆ ಒಪ್ಪುವುದಿಲ್ಲ?

ನಮ್ಮ ಹಿರಿಯರಿಗೂ ಇದರ ಅಂದಾಜು ಇತ್ತು. ಜನನ ಪ್ರಮಾಣಪತ್ರ ಇಲ್ಲದ ಕಾಲದಲ್ಲಿ ಮೇಷ್ಟ್ರು ಏನು ಮಾಡುತ್ತಿದ್ದರು? ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಸೇರಿಸಿಕೊಂಡರು. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಚಿಕ್ಕ ಮಗುವಿಗೆ ತಲೆ ದೊಡ್ಡದು, ತೋಳು ಗಿಡ್ಡ. ಹಾಗಾಗಿ ಕಿವಿ ಸಿಗೋದಿಲ್ಲ. ಒರಟು ಪರೀಕ್ಷೆಯೇ ಸರಿ, ಆದರೂ ಅದು ಕ್ಯಾಲೆಂಡರನ್ನು ನೋಡದೆ ಮಗುವಿನ ಮೈಯನ್ನು ನೋಡುತ್ತಿತ್ತು. ಆಮೇಲೆ ಮೇಷ್ಟ್ರು ರಿಜಿಸ್ಟರಿನಲ್ಲಿ ಜೂನ್ ತಿಂಗಳ ಒಂದು ತಾರೀಖು ಬರೆದುಬಿಡುತ್ತಿದ್ದರು. ಇಲ್ಲಿ ಕೂತಿರುವ ಹಿರಿಯರಲ್ಲಿ ಎಷ್ಟು ಜನರ ಹುಟ್ಟುಹಬ್ಬ ದಾಖಲೆಯಲ್ಲಿ ಜೂನ್ 1ಕ್ಕೇ ಇದೆಯೋ! ಹಳೆ ತಲೆಮಾರಿನ ಅಂಕಿಅಂಶ ಇಟ್ಟುಕೊಂಡು ನಮ್ಮಲ್ಲಿ ಹುಟ್ಟಿದ ತಿಂಗಳ ಅಧ್ಯಯನ ಮಾಡೋದು ಕಷ್ಟ ಆಗಿರೋದಕ್ಕೆ ಇದೂ ಒಂದು ಕಾರಣ.

ಬೇರೆ ದೇಶಗಳಲ್ಲಿ ಈ ಅಧ್ಯಯನ ಬೇಕಾದಷ್ಟು ಆಗಿದೆ. ಇಂಗ್ಲೆಂಡನ್ನು ನೋಡಿ. ಅಲ್ಲಿ ಗೆರೆ ಇರೋದು ಆಗಸ್ಟ್ 31ಕ್ಕೆ. ಸೆಪ್ಟೆಂಬರಿನಲ್ಲಿ ಹುಟ್ಟಿದವರು ತರಗತಿಗೆ ದೊಡ್ಡವರು, ಆಗಸ್ಟಿನಲ್ಲಿ ಹುಟ್ಟಿದವರು ಚಿಕ್ಕವರು. ನಾಲ್ಕು ತುಂಬಿದ ಕೆಲವೇ ದಿನಕ್ಕೆ ಎಷ್ಟೋ ಆಗಸ್ಟ್ ಮಕ್ಕಳು ಶಾಲೆಗೆ ಹೋಗಿಬಿಡುತ್ತಾರೆ. ಲಂಡನ್ನಿನ ಇನ್ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಅನ್ನುವ ಸಂಶೋಧನಾ ಸಂಸ್ಥೆ 2007ರಲ್ಲಿ ಇದರ ಬಗ್ಗೆ ದೊಡ್ಡ ವರದಿ ತಂದಿತು. 7ನೇ ವಯಸ್ಸಿನ ಪರೀಕ್ಷೆಯಲ್ಲಿ ನಿರೀಕ್ಷಿತ ಮಟ್ಟ ಮುಟ್ಟಿದವರನ್ನು ಲೆಕ್ಕ ಹಾಕಿದರೆ, ಸೆಪ್ಟೆಂಬರ್ ಮಕ್ಕಳಿಗಿಂತ ಆಗಸ್ಟ್ ಮಕ್ಕಳು ನೂರಕ್ಕೆ ಸುಮಾರು 25ರಷ್ಟು ಹಿಂದೆ. 16ನೇ ವಯಸ್ಸಿಗೆ ಈ ಅಂತರ ಸುಮಾರು 6ಕ್ಕೆ ಇಳಿಯುತ್ತೆ. ಇಳಿಯಲೇಬೇಕು ಅಲ್ವಾ? ಆರರಲ್ಲಿ ಒಂದು ವರ್ಷ ಅಂದರೆ ಬಹಳ. ಹದಿನಾರರಲ್ಲಿ ಒಂದು ವರ್ಷ ಅಷ್ಟೇನಲ್ಲ. ಆದರೆ ಪೂರ್ತಿ ಅಳಿಸಿಹೋಗಲಿಲ್ಲ ಅನ್ನೋದನ್ನು ಗಮನಿಸಿ.

ಇದು ಒಂದು ದೇಶದ ಕತೆ ಮಾತ್ರ ಅಲ್ಲ. ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಡ್ಯೂಯಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞೆಯರು 2006ರಲ್ಲಿ ಹಲವು ದೇಶಗಳ ಗಣಿತ, ವಿಜ್ಞಾನ ಅಂಕಗಳನ್ನು ಜೋಡಿಸಿ ನೋಡಿದರು. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಾಲ್ಕನೇ ತರಗತಿಯಲ್ಲಿ ಅತಿ ಚಿಕ್ಕ ಮಗು ಅತಿ ದೊಡ್ಡ ಮಗುವಿಗಿಂತ 4ರಿಂದ 12 ಸ್ಥಾನ ಹಿಂದೆ. ಎಂಟನೇ ತರಗತಿಗೆ ಬಂದರೂ 2ರಿಂದ 9 ಸ್ಥಾನ ಹಿಂದೆ.

ಈಗ ಒಂದು ಮಾತು. ಹುಟ್ಟಿದ ತಿಂಗಳು ಅಂದಕೂಡಲೇ ಕೆಲವರಿಗೆ ಜಾತಕ ನೆನಪಾಗುತ್ತೆ. ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಇಂಗ್ಲೆಂಡಿನಲ್ಲಿ ಪೆಟ್ಟು ಬೀಳೋದು ಆಗಸ್ಟ್ ಮಗುವಿಗೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಗೆರೆ ಡಿಸೆಂಬರ್ 31ಕ್ಕೆ ಇದೆ, ಅಲ್ಲಿ ಡಿಸೆಂಬರ್ ಮಗುವಿಗೆ. ಜಪಾನಿನಲ್ಲಿ ಶಾಲಾ ವರ್ಷ ಏಪ್ರಿಲಿನಲ್ಲಿ ಶುರು, ಅಲ್ಲಿ ಮಾರ್ಚ್ ಮಗುವಿಗೆ. ನಮ್ಮ ಕರ್ನಾಟಕದಲ್ಲೇ ನೋಡಿ. ಜೂನ್ 1ಕ್ಕೆ 5 ವರ್ಷ 10 ತಿಂಗಳು ಆಗಿರಬೇಕು ಅಂತ ಇದ್ದಾಗ ತರಗತಿಯ ಅತಿ ಚಿಕ್ಕ ಮಗು ಜುಲೈನಲ್ಲಿ ಹುಟ್ಟಿದ್ದು. 5 ವರ್ಷ 5 ತಿಂಗಳಿಗೆ ಇಳಿಸಿದಾಗ ಡಿಸೆಂಬರಿನದು. 6 ವರ್ಷ ಮಾಡಿದರೆ ಮೇ ತಿಂಗಳಿನದು. ಕೇಂದ್ರೀಯ ವಿದ್ಯಾಲಯದಲ್ಲಿ ಮಾರ್ಚ್ 31ಕ್ಕೆ 6 ತುಂಬಬೇಕು, ಅಲ್ಲಿ ಮಾರ್ಚಿನದು. ಒಂದೇ ಬೀದಿಯ ಮಕ್ಕಳಲ್ಲಿ ಯಾರು ಹಿಂದೆ ಬೀಳುತ್ತಾರೆ ಅನ್ನೋದು ಯಾವ ಶಾಲೆಗೆ ಸೇರಿದರು ಅನ್ನೋದರ ಮೇಲೆ ಬದಲಾಗುತ್ತೆ. ಇದನ್ನು ಮಾಡಿದ್ದು ನಾವೇ, ಒಂದು ಸುತ್ತೋಲೆಯ ಮೂಲಕ.

ಅಂಕ ಸ್ವಲ್ಪ ಕಡಿಮೆ ಬಂದರೆ ಏನಾಯ್ತು, ಮುಂದೆ ಸರಿಹೋಗುತ್ತೆ ಅನ್ನಬಹುದು. ನನ್ನ ಹೆದರಿಕೆ ಅಂಕದ ಬಗ್ಗೆ ಅಲ್ಲ, ಹಣೆಪಟ್ಟಿಯ ಬಗ್ಗೆ. 'ಇವನು ಸ್ಲೋ', 'ಇವಳಿಗೆ ತಲೆಗೆ ಹತ್ತಲ್ಲ' ಅಂತ ಒಂದನೇ ತರಗತಿಯಲ್ಲಿ ಹಚ್ಚಿದ ಹೆಸರು ಐದನೇ ತರಗತಿಗೂ ಹೋಗುತ್ತೆ. ಟಿಸಿಯಲ್ಲಿ ಬರೆದಿರೋದಿಲ್ಲ, ಸ್ಟಾಫ್ ರೂಮಿನ ಮಾತಿನಲ್ಲಿ ಹೋಗುತ್ತೆ. ಮಗುವಿನ ಕಿವಿಗೂ ಬೀಳುತ್ತೆ. ಅದೇ ಲಂಡನ್ ಸಂಸ್ಥೆ 2013ರಲ್ಲಿ ಇನ್ನೊಮ್ಮೆ ನೋಡಿದಾಗ, ಆಗಸ್ಟ್ ಮಕ್ಕಳಿಗೆ ತಮ್ಮ ಓದಿನ ಮೇಲಿನ ನಂಬಿಕೆಯೇ ಕಡಿಮೆ ಇದ್ದದ್ದು ಕಂಡುಬಂತು.

ಹಣೆಪಟ್ಟಿ ಶಾಲೆಯ ಗೇಟಿನಲ್ಲೂ ನಿಲ್ಲುವುದಿಲ್ಲ. ಮಗು ಕೂತಲ್ಲಿ ಕೂರಲ್ಲ, ಗಮನ ಕೊಡಲ್ಲ ಅಂತ ಡಾಕ್ಟರ ಹತ್ತಿರ ಕರೆದೊಯ್ದರೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ, ಅನ್ನುವ ಹೆಸರು ಬರಬಹುದು. ಅಮೆರಿಕದಲ್ಲಿ 4 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸೆಪ್ಟೆಂಬರ್ 1ಕ್ಕೆ ಗೆರೆ ಇರುವ ರಾಜ್ಯಗಳಲ್ಲಿ, ಆಗಸ್ಟಿನಲ್ಲಿ ಹುಟ್ಟಿದ 10,000 ಮಕ್ಕಳಲ್ಲಿ ಸುಮಾರು 85 ಜನರಿಗೆ ಎಡಿಎಚ್‌ಡಿ ಅಂತ ಹೇಳಿದ್ದರು. ಸೆಪ್ಟೆಂಬರಿನಲ್ಲಿ ಹುಟ್ಟಿದವರಲ್ಲಿ ಸುಮಾರು 64. ಆ ಗೆರೆ ಇಲ್ಲದ ರಾಜ್ಯಗಳಲ್ಲಿ ಈ ಎರಡು ತಿಂಗಳ ನಡುವೆ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲೂ ಇದೇ ಕತೆ. ಜನವರಿ ಹುಡುಗಿಯರಿಗಿಂತ ಡಿಸೆಂಬರ್ ಹುಡುಗಿಯರಿಗೆ ಈ ಹೆಸರು ಬೀಳುವ ಸಾಧ್ಯತೆ ಶೇ. 70ರಷ್ಟು ಹೆಚ್ಚಿತ್ತು, ಹುಡುಗರಲ್ಲಿ ಶೇ. 30ರಷ್ಟು. ಎಡಿಎಚ್‌ಡಿ ನಿಜವಾದ ತೊಂದರೆ, ಅದು ಇರುವ ಮಕ್ಕಳಿಗೆ ಸಹಾಯ ಬೇಕೇ ಬೇಕು. ಆದರೆ ಕೆಲವು ಮಕ್ಕಳಿಗೆ ಚಿಕ್ಕ ವಯಸ್ಸಿಗೇ ಔಷಧಿ ಶುರುವಾಯಿತು ಅನ್ನೋದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಹತ್ತು ತಿಂಗಳು ಕಳೆದಿದ್ದರೆ ಆ ಮಗು ತಾನಾಗಿ ಕೂರುತ್ತಿತ್ತೋ ಏನೋ.

ಹಾಗಾದರೆ ಒಂದು ವರ್ಷ ತಡೆದು ಸೇರಿಸಿಬಿಡೋಣ ಅಂತ ನಿಮ್ಮಲ್ಲಿ ಹಲವರು ಯೋಚನೆ ಮಾಡ್ತಿದ್ದೀರಿ, ಮುಖ ನೋಡಿದರೇ ಗೊತ್ತಾಗುತ್ತೆ. ಸ್ವಲ್ಪ ತಾಳಿ.

ಇಂಗ್ಲೆಂಡಿನ ಸಂಶೋಧಕರು ಈ ಅಂತರಕ್ಕೆ ಮುಖ್ಯ ಕಾರಣ ಏನು ಅಂತ ಬಿಡಿಸಿ ನೋಡಿದರು. ಬೇಗ ಸೇರಿದ್ದರಿಂದ ಮಕ್ಕಳು ಹಾಳಾಗಿರಲಿಲ್ಲ. ಪರೀಕ್ಷೆ ಬರೆದ ದಿನ ಅವರು ಚಿಕ್ಕವರಾಗಿದ್ದರು, ಮುಖ್ಯವಾಗಿ ಅಷ್ಟೇ. ನಾರ್ವೆಯಲ್ಲಿ 2011ರ ಒಂದು ಅಧ್ಯಯನ 18 ವರ್ಷದ ಹುಡುಗರು ಸೇನೆಗೆ ಸೇರುವಾಗ ಬರೆಯುವ ಬುದ್ಧಿ ಪರೀಕ್ಷೆಯನ್ನು ತಗೊಂಡಿತು. ಪರೀಕ್ಷೆ ದಿನದ ವಯಸ್ಸನ್ನು ಲೆಕ್ಕದಿಂದ ತೆಗೆದರೆ, ತಡವಾಗಿ ಶಾಲೆಗೆ ಸೇರಿದವರಿಗೆ ಯಾವ ಲಾಭವೂ ಉಳಿಯಲಿಲ್ಲ. ಬದಲಿಗೆ ಬೇಗ ಸೇರಿದವರೇ ಒಂದು ಕೂದಲೆಳೆಯಷ್ಟು ಮುಂದಿದ್ದರು.

ತಡೆಯೋದಕ್ಕೆ ಬೆಲೆಯೂ ಇದೆ. ಆ ಒಂದು ವರ್ಷ ಮಗು ಎಲ್ಲಿರುತ್ತೆ? ದುಡ್ಡಿದ್ದವರು ಯುಕೆಜಿಗೆ ಇನ್ನೊಂದು ಸಲ ಫೀಸು ಕಟ್ಟುತ್ತಾರೆ. ಕೂಲಿಗೆ ಹೋಗುವ ತಾಯಿ ಕಾಯುವ ಸ್ಥಿತಿಯಲ್ಲಿ ಇರೋದಿಲ್ಲ. ಉಳ್ಳವರ ಮಕ್ಕಳು ತಡವಾಗಿ ಬಂದರೆ ತರಗತಿಯ ಚಿಕ್ಕ ಮಕ್ಕಳ ಸಾಲಿನಲ್ಲಿ ಇಲ್ಲದವರ ಮಕ್ಕಳೇ ಉಳಿಯುತ್ತಾರೆ. ಮೊದಲೇ ಮನೆಯಲ್ಲಿ ಪುಸ್ತಕ ಇಲ್ಲದ ಮಗುವಿಗೆ ವಯಸ್ಸಿನ ಭಾರವೂ ಸೇರಿಕೊಳ್ಳುತ್ತೆ.

ಇನ್ನೊಂದಿದೆ, ಇದನ್ನು ಹೆಣ್ಣುಮಕ್ಕಳ ತಂದೆ ತಾಯಿ ದಯವಿಟ್ಟು ಕೇಳಿಸಿಕೊಳ್ಳಿ. 1991ರಲ್ಲಿ ಜೋಶುವಾ ಆಂಗ್ರಿಸ್ಟ್ ಮತ್ತು ಅಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ವಿಚಿತ್ರ ಕಂಡುಹಿಡಿದರು. ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಸರಾಸರಿಯಲ್ಲಿ ಕೊಂಚ ಕಡಿಮೆ ಓದಿದ್ದರು. ಅವರು ತರಗತಿಗೆ ದೊಡ್ಡವರು, ಅಂಕದಲ್ಲಿ ಮುಂದಿರಬೇಕಿತ್ತು. ಆದರೆ ಶಾಲೆ ಬಿಡಬಹುದು ಅಂತ ಕಾನೂನು ಹೇಳುವ ವಯಸ್ಸು ಅವರಿಗೆ ಕಡಿಮೆ ತರಗತಿಯಲ್ಲೇ ಬಂದುಬಿಡುತ್ತಿತ್ತು. ಆಂಗ್ರಿಸ್ಟ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಇದನ್ನು ನಮ್ಮ ಹಳ್ಳಿಗೆ ತಂದು ನೋಡಿ. 6ಕ್ಕೆ ಸೇರಿದ ಹುಡುಗಿ 18ಕ್ಕೆ ಪಿಯುಸಿ ಮುಗಿಸುತ್ತಾಳೆ. 7ಕ್ಕೆ ಸೇರಿದವಳಿಗೆ 18 ತುಂಬಿದಾಗ ಇನ್ನೊಂದು ವರ್ಷದ ಓದು ಬಾಕಿ. ಹುಡುಗಿಗೆ 18 ಆಯ್ತು ಅಂದಕೂಡಲೇ ಮದುವೆ ಮಾತು ತೆಗೆಯುವ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಅಲ್ಲಿ ಆ ಒಂದು ವರ್ಷ ಬಹಳ ದುಬಾರಿ.

ಆರು ವರ್ಷದ ನಿಯಮದ ಗೊಂದಲ ನಿಮಗೆಲ್ಲ ನೆನಪಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದನೇ ತರಗತಿಗೆ 6 ವರ್ಷ ಅಂತ ಇದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಲೆಕ್ಕ ಶುರುವಾಗೋದು 6ರಿಂದಲೇ. ನಮ್ಮ ಸರ್ಕಾರ 2022ರ ಜುಲೈನಲ್ಲಿ ಆದೇಶ ಮಾಡಿತು. ಆಮೇಲೆ ಅದು 2025-26ರಿಂದ ಅಂತ ಮುಂದಕ್ಕೆ ಹೋಯಿತು. 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷಕ್ಕೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲ ಮಾಡಿದರು. ಮಕ್ಕಳು ಆಗಲೇ ಯುಕೆಜಿ ಮುಗಿಸಿ ನಿಂತಿದ್ದರು, ಪೋಷಕರಿಗೆ ದಾರಿ ಕಾಣದೆ ಬೀದಿಗೆ ಬಂದಿದ್ದರು. ಸಡಿಲ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಆರು ತುಂಬಲಿ ಅಂತ ಕಾದವರ ಮಕ್ಕಳೂ ಐದೂವರೆಯ ಮಕ್ಕಳೂ ಒಂದೇ ಕೋಣೆಗೆ ಬಂದ ಕಡೆ ವಯಸ್ಸಿನ ಅಂತರ ಹನ್ನೆರಡು ತಿಂಗಳನ್ನೂ ದಾಟಿತು. ಆ ಮಕ್ಕಳು ಹತ್ತನೇ ತರಗತಿ ಮುಗಿಸುವವರೆಗೂ ಅವರ ಶಿಕ್ಷಕರು ಇದನ್ನು ನೆನಪಿಡಬೇಕು.

ಮಾಡೋದೇನು ಹಾಗಾದರೆ? ನಮ್ಮ ಕೈಯಲ್ಲೇ ಒಂದು ದಾರಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ. ಆಂಧ್ರದ ಋಷಿ ವ್ಯಾಲಿಗೆ ಹೋಗಿ ನೋಡಿಬಂದ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಕಟ್ಟಿದ ಪದ್ಧತಿ. ಅಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ, ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂರುತ್ತಾರೆ. ಹೊಸದು ಕಲಿಯುವ ಮಗು ಶಿಕ್ಷಕರ ಪಕ್ಕದ ತಟ್ಟೆಯಲ್ಲಿ. ಸ್ವಲ್ಪ ಬಂದ ಮೇಲೆ ಗೆಳೆಯರ ಸಹಾಯ ಸಿಗುವ ತಟ್ಟೆಯಲ್ಲಿ. ಪೂರ್ತಿ ಬಂದ ಮೇಲೆ ತಾನೇ ಮಾಡಿಕೊಳ್ಳುವ ತಟ್ಟೆಯಲ್ಲಿ. ಅಕ್ಷರವೂ ಅ ಆ ಇ ಈ ಅಂತ ಶುರುವಾಗುವುದಿಲ್ಲ. ಪುಟ್ಟ ಕೈಗೆ ಸುಲಭವಾದ ರ, ಗ, ಸ, ದ, ಅ ಅಂತ ಶುರು. ಪ್ರತಿ ಮಗುವಿಗೂ ಕಲಿಕೆಯ ಏಣಿಯಲ್ಲಿ ತನ್ನದೇ ಮೆಟ್ಟಿಲು. ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತೆ. ತಿಂಗಳುಗಳ ವ್ಯತ್ಯಾಸ ಅಲ್ಲಿ ತಪ್ಪಾಗಿ ಕಾಣುವುದೇ ಇಲ್ಲ, ಯಾಕೆಂದರೆ ಎಲ್ಲರೂ ಒಂದೇ ದಿನ ಒಂದೇ ಪುಟದಲ್ಲಿರಬೇಕು ಅನ್ನುವ ಹಟ ಇಲ್ಲ. ನಲಿ-ಕಲಿಗೂ ಕೊರತೆಗಳಿವೆ. ಮಕ್ಕಳು ಕಲಿಯುವ ಕಾರ್ಡು ಹರಿದಿರುತ್ತೆ, ಶಿಕ್ಷಕರು ಸಾಲದೆ ಇರುತ್ತಾರೆ, ತರಬೇತಿ ನೆಪಕ್ಕೆ ಆಗುತ್ತೆ. ಆದರೂ ಆರು ವರ್ಷದ ಮಗುವನ್ನು ರ‍್ಯಾಂಕಿನಲ್ಲಿ ನಿಲ್ಲಿಸುವ ದುಬಾರಿ ಶಾಲೆಗಿಂತ ಆ ಕೋಣೆ ಚಿಕ್ಕ ಮಗುವಿಗೆ ನ್ಯಾಯವಾದದ್ದು ಅಂತ ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಶಿಕ್ಷಕ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇನೆ, ಒಂದು ಸಂಜೆಯ ಕೆಲಸ. ಹಾಜರಿ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಜೂನ್ 1ಕ್ಕೆ ಎಷ್ಟು ತಿಂಗಳು ಅಂತ ಬರೆಯಿರಿ. 72, 75, 81, 83 ಹೀಗೆ. ಆಮೇಲೆ ನಿಮ್ಮ ಮನಸ್ಸಿನಲ್ಲಿ 'ಹಿಂದೆ ಇದ್ದಾರೆ' ಅಂತ ಇರುವ ಮಕ್ಕಳ ಹೆಸರಿಗೆ ಒಂದು ಚುಕ್ಕಿ ಇಡಿ. ನಾನು ಇದನ್ನು ಮಾಡಿದಾಗ ಚುಕ್ಕಿಗಳು ಎಲ್ಲ ಕಡೆ ಹರಡಿರಲಿಲ್ಲ, ಚಿಕ್ಕ ಸಂಖ್ಯೆಗಳ ಹತ್ತಿರವೇ ಗುಂಪುಗೂಡಿದ್ದವು. ಒಂದು ತರಗತಿಯಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಅವತ್ತಿನಿಂದ ಎಫ್‌ಎ, ಎಸ್‌ಎ ಅನ್ನುವ ಶಾಲಾ ಮೌಲ್ಯಮಾಪನಗಳ ಅಂಕ ಬರೆಯುವಾಗ ಆ ಪೆನ್ಸಿಲ್ ಸಂಖ್ಯೆ ಕಣ್ಣಿಗೆ ಬೀಳುತ್ತಿತ್ತು. ಪೋಷಕರ ಹತ್ತಿರ ಮಾತಾಡುವ ರೀತಿಯೇ ಬದಲಾಯಿತು.

ಇಲಾಖೆಗೂ ಇದು ಕಷ್ಟ ಅಲ್ಲ. ಎಸ್‌ಎಟಿಎಸ್ ಅನ್ನುವ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ ಪ್ರತಿ ಮಗುವಿನ ಹುಟ್ಟಿದ ದಿನ ಇದೆ, ಅಂಕವೂ ಇದೆ. ಎರಡನ್ನೂ ಜೋಡಿಸಿ ತಿಂಗಳವಾರು ಸರಾಸರಿ ತೆಗೆದರೆ ಇಡೀ ರಾಜ್ಯದ ಚಿತ್ರ ಸಿಗುತ್ತೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರಲು ಜನನ ಪ್ರಮಾಣಪತ್ರವೇ ದಾಖಲೆ. ಇನ್ನು ಮುಂದೆ ತಾರೀಖೂ ಗಟ್ಟಿಯಾಗಿ ಸಿಗುತ್ತೆ. ಆಯ್ಕೆ ಪರೀಕ್ಷೆಗಳಲ್ಲಿ ವಯಸ್ಸಿಗೆ ತಕ್ಕಂತೆ ಅಂಕ ಹೊಂದಿಸೋದು ಹೊಸ ವಿಚಾರವೂ ಅಲ್ಲ. ಇಂಗ್ಲೆಂಡಿನಲ್ಲಿ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಗ್ರಾಮರ್ ಶಾಲೆಗಳ 11ನೇ ವಯಸ್ಸಿನ ಪರೀಕ್ಷೆಗಳಲ್ಲಿ ಇದು ರೂಢಿಯಲ್ಲಿದೆ. ನಮ್ಮ ನವೋದಯದ ಆರನೇ ತರಗತಿ ಪರೀಕ್ಷೆಯನ್ನು ನೋಡಿ. 2026-27ರ ಸಾಲಿಗೆ 2014ರ ಮೇ 1ರಿಂದ 2016ರ ಜುಲೈ 31ರವರೆಗೆ ಹುಟ್ಟಿದವರು ಬರೆಯಬಹುದಿತ್ತು. ಅಂದರೆ ಎರಡು ವರ್ಷಕ್ಕೂ ಹೆಚ್ಚು ಅಂತರ ಇರುವ ಮಕ್ಕಳು ಒಂದೇ ಪ್ರಶ್ನೆಪತ್ರಿಕೆ ಬರೆದು ಒಂದೇ ಸೀಟಿಗೆ ಪೈಪೋಟಿ. ಅಲ್ಲಿ ವಯಸ್ಸಿನ ಹೊಂದಾಣಿಕೆ ಬೇಕು ಅಂತ ಕೇಳೋದು ಅತಿಯಾಸೆ ಅಲ್ಲ.

ಕೊನೆಗೆ ಪ್ರಶ್ನೋತ್ತರದಲ್ಲಿ ಒಬ್ಬ ತಾಯಿ ಕೇಳಿದರು: "ಮೇಡಂ, ನನ್ನ ಮಗಳು ಮೇ 20ರಂದು ಹುಟ್ಟಿದ್ದು. ಈ ವರ್ಷ ಆರು ತುಂಬುತ್ತೆ. ಸೇರಿಸಲಾ, ಬೇಡ್ವಾ?"

ನಾನು ಕೇಳಿದೆ: "ಅಂಗನವಾಡಿಗೋ ಯುಕೆಜಿಗೋ ಹೋಗ್ತಿದ್ದಾಳಾ? ಖುಷಿಯಾಗಿ ಹೋಗ್ತಾಳಾ? ಬೇಕಾದ್ದನ್ನು ಬಾಯಿಬಿಟ್ಟು ಕೇಳ್ತಾಳಾ? ಶೌಚಾಲಯಕ್ಕೆ ತಾನೇ ಹೋಗಿ ಬರ್ತಾಳಾ?" ಎಲ್ಲದಕ್ಕೂ ಹೌದು ಅಂದರು.

"ಹಾಗಿದ್ರೆ ಸೇರಿಸಿ ತಾಯಿ. ಸೇರಿಸೋ ದಿನ ಕ್ಲಾಸ್ ಟೀಚರ್ ಹತ್ರ ಹೋಗಿ, ಇವಳು ಮೇ ತಿಂಗಳ ಮಗು, ಕ್ಲಾಸಲ್ಲಿ ಚಿಕ್ಕವಳು ಅಂತ ಹೇಳಿ. ಬರವಣಿಗೆ ನಿಧಾನ ಆದ್ರೆ ಬೈಬೇಡಿ, ಓದು ಹೇಗಿದೆ ನೋಡಿ ಅಂತ ಹೇಳಿ. ಅಕ್ಟೋಬರ್‌ನಲ್ಲಿ ದಸರಾ ರಜೆ ಮುಗಿದ ಮೇಲೆ ಮತ್ತೊಂದು ಸಲ ಹೋಗಿ ಕೇಳಿ. ಪಕ್ಕದ ಮನೆ ಹುಡುಗನ ಅಂಕ ತರಬೇಡಿ, ಜೂನ್‌ನಲ್ಲಿ ಇವಳದೇ ಕಾಪಿ ಹೇಗಿತ್ತು, ಈಗ ಹೇಗಿದೆ, ಅದನ್ನ ಪಕ್ಕಪಕ್ಕ ಇಟ್ಟು ನೋಡಿ."

ಅವರು ಹ್ಞೂಂ ಅಂದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ತಮ್ಮ ಮಗನ ಕ್ಲಾಸ್ ಟೀಚರ್ ಇಲ್ಲೇ ಕೂತಿದ್ದಾರೆ, ಅವನೂ ಏಪ್ರಿಲ್‌ನವನು, ಈಗಲೇ ಹೇಳಿಬಿಡಲಾ ಅಂತ ಕೇಳಿದರು. ಹೇಳಿ ಅಂದೆ.